ಬಳ್ಳಿ ಕತ್ತರಿಸುವ ಮೊದಲು ಒಗ್ಗರಣೆ

ಮಗು ಹುಟ್ಟುವುದಕ್ಕೆ ಹಯಗ್ರೀವನ ಅಡ್ಡಿಯೇನೂ ಇರಲಿಲ್ಲ. ಸಾರಿಗೆ ಒಗ್ಗರಣೆ ಬಿದ್ದ ಮೇಲೆ ಹುಟ್ಟಲಿ ಎಂಬುದಷ್ಟೇ ಅವನ ಪ್ರಾರ್ಥನೆ.

ಮೀಸೆ ಮೂಡಿದಂದಿನಿಂದ ಉಡುಪಿಯ ಅಡುಗೆಯವರ ಹಿಂದೆ ಕಾಯಿ ತುರಿದು ತುರಿದು ಅವನ ಅಂಗೈಯೇ ತುರಿಮಣೆಯಾಗಿತ್ತು. ಈಗ ಎಮರ್ಜೆನ್ಸಿಯ ಕಾಲದಲ್ಲಿ, ಕಾಪುವಿನ ವಿಷ್ಣುಮೂರ್ತಿ ರಾಯರ ಮಗಳ ಮದುವೆಗೆ ಮೊದಲ ಸಲ ಅವನೇ ಮುಖ್ಯ ಅಡುಗೆಯವನು. ಅದೇ ಬೆಳಿಗ್ಗೆ ಓಣಿಯಾಚೆಯ ಮಾವನ ಮನೆಯಲ್ಲಿ ಹೆಂಡತಿ ನರ್ಮದೆಗೆ ನೋವು ಶುರುವಾಯಿತು. ಮಗು ಹುಟ್ಟಿದರೆ ಅಪ್ಪನಿಗೆ ಅಮೆ, ಅಂದರೆ ಹೆರಿಗೆಯ ಸೂತಕ. ಹತ್ತು ದಿನ ಸೌಟು ಮುಟ್ಟುವಂತಿಲ್ಲ.

ಪಕ್ಕದ ಮನೆಯ ಶ್ರೀಮತಿಯಮ್ಮ ಧೈರ್ಯ ತುಂಬಿದರು. ಕಾಪುವಿನ ಲೈಟ್‌ಹೌಸಿನ ಬೆಳಕು ತಲುಪದ ಮನೆಗೂ ಅವರ ನಾಲಿಗೆ ತಲುಪುತ್ತಿತ್ತು.

"ಹೆದರ್ಬೇಡ ಮಾರಾಯ. ಹೊಕ್ಕುಳಬಳ್ಳಿ ಕತ್ತರಿಸಿದ ಮೇಲೆಯೇ ಅಮೆ ಅಂತ ನಮ್ಮ ಮಾವನವರು ಹೇಳ್ತಿದ್ರು. ಕತ್ತರಿಸದಿದ್ರೆ ಆಯ್ತಲ್ವಾ?"

ಹಯಗ್ರೀವ ಹೆರಿಗೆ ಕೋಣೆಯ ಕಿಟಕಿಗೆ ಓಡಿದ. ಒಳಗಿದ್ದವರು ನರ್ಸ್ ಬೆನೆಡಿಕ್ಟಾ. ಅರ್ಧ ಕಾಪುವನ್ನು ಈ ಲೋಕಕ್ಕೆ ಎಳೆದು ತಂದ ಮಹಾತಾಯಿ! ಅವರು ಗದರಿದರೆ ಹುಟ್ಟದ ಮಕ್ಕಳೂ ಸಾಲಾಗಿ ನಿಲ್ಲುತ್ತವೆ ಎಂದು ಊರೇ ಕೊಂಡಾಡುತ್ತಿತ್ತು.

"ಸಿಸ್ಟರ್, ಬಳ್ಳಿ ಕತ್ತರಿಸ್ಬೇಡಿ. ಊಟ ಆಗುವ ತನಕ ಇರಲಿ. ನಾಳೆ ತನಕ ಇದ್ದರೂ ಅಡ್ಡಿಯಿಲ್ಲ!"

"ನಾಳೆ ತನಕವಾ? ಅದೆಂತ ಮಗುವಾ, ಗೂಟಕ್ಕೆ ಕಟ್ಟಿದ ಕರುವಾ? ಬಳ್ಳಿ ಮಿಡಿಯುವಷ್ಟು ಹೊತ್ತು ನಾನೇ ಕಾಯ್ತೇನೆ. ಅದರ ರಕ್ತ ಮಗುವಿಗೆ ಹೋದ್ರೆ ಒಳ್ಳೇದು. ಮಿಡಿತ ನಿಂತ ಮೇಲೆ ಅದು ಸತ್ತ ಮಾಂಸ ಭಟ್ರೇ. ಇಟ್ರೆ ಕೊಳೀತದೆ, ಮಗುವಿಗೆ ನಂಜಾಗ್ತದೆ. ನಿಮ್ಮ ಸಾರಿಗೆ ಮಗುವನ್ನು ಬಲಿ ಕೊಡ್ಲಿಕ್ಕೆ ಆಗುದಿಲ್ಲ. ಹೋಗಿ!"

ಹೋದ. ಚಪ್ಪರದಲ್ಲಿ ವಾದ್ಯ ಕಿವಿ ಹರಿಯುವಂತೆ ಮೊಳಗುತ್ತಿತ್ತು. ಕಾಯಿ ತುರಿದ, ಬೆಲ್ಲ ಕರಗಿಸಿದ, ಗಾಬರಿಯಲ್ಲಿ ಮಜ್ಜಿಗೆಯನ್ನು ಪಾಯಸಕ್ಕೆ ಹೊಯ್ಯಹೊರಟಾಗ ಸಹಾಯಕರು ಕೈ ಹಿಡಿದುಕೊಂಡರು. ತಡೆಯಲಾರದೆ ಮತ್ತೆ ಕಿಟಕಿಗೆ ಓಡಿದ. ಒಳಗೆ ಅಳು!

"ಕತ್ತರಿಸಿದ್ರಾ ಸಿಸ್ಟರ್?"

"ಇನ್ನೂ ಮಿಡೀತಾ ಉಂಟು!"

ಪಂಚೆ ಒಂದು ದಿಕ್ಕಿಗೆ, ಹಯಗ್ರೀವ ಒಂದು ದಿಕ್ಕಿಗೆ. ಸಾರಿಗೆ ತುಪ್ಪದ ಒಗ್ಗರಣೆ ಚೊಂಯ್ ಎಂದಾಗ ಇಂಗಿನ ಪರಿಮಳಕ್ಕೆ ಪಡುಬಿದ್ರಿಯವರೂ ಮೂಗರಳಿಸಿರಬೇಕು. ಸೌಟು ಕೆಳಗಿಟ್ಟು, ಒಲೆಗೆ ಕೈಮುಗಿದು ಮತ್ತೆ ಓಡಿದ.

"ಇನ್ನು ಕತ್ತರಿಸಿ!"

"ಈಗಷ್ಟೇ ಕತ್ತರಿಸಿದೆ. ಗಂಡು," ಎಂದರು ಬೆನೆಡಿಕ್ಟಾ.

ಹಯಗ್ರೀವ ಕಂಬಳ ಗೆದ್ದ ಕೋಣದಂತೆ ಎದೆಯುಬ್ಬಿಸಿದ. ಅಷ್ಟರಲ್ಲಿ ಶ್ರೀಮತಿಯಮ್ಮ ಇನ್ನೊಂದು ಬಟ್ಟೆಗಂಟು ಎತ್ತಿಕೊಂಡು ಬಂದರು.

"ಇವಳು ಅಕ್ಕ! ನೀನು ಕಾಯಿ ತುರೀತಿದ್ದಾಗಲೇ ಬಂದವಳು."

"ಇವಳ... ಬಳ್ಳಿ?"

"ಆಗಲೇ ಕತ್ತರಿಸಿದ್ದು," ಎಂದರು ಬೆನೆಡಿಕ್ಟಾ. "ಹಿಂದೆಯೇ ಬರ್ತಿದ್ದ ತಮ್ಮನಿಗೆ ಅವಸರ, ಅವಳದ್ದಕ್ಕೆ ಕಾಯ್ಲಿಕ್ಕೆ ಆಗ್ಲಿಲ್ಲ. ಎರಡು ಸಾಕು ಅಂತದೆ ಸರ್ಕಾರ, ನಿಮ್ಮ ಹೆಂಡತಿ ಒಂದೇ ಬೆಳಿಗ್ಗೆ ಮುಗಿಸಿದ್ರು. ಭಲೇ ಹೆಂಗಸು!"

"ಮೊದಲೇ ಹೇಳ್ಬಾರ್ದಿತ್ತಾ?"

"ನೀವು ಕತ್ತರಿಯದ್ದೇ ಕೇಳಿದ್ದು. ಮಕ್ಕಳೆಷ್ಟು ಅಂತ ಕೇಳ್ಲೇ ಇಲ್ಲ."

ಅಂದರೆ ಅರ್ಧ ಅಡುಗೆ ಅಮೆಯಲ್ಲೇ ಆಗಿತ್ತು! ಮಗುವನ್ನು ಅಜ್ಜಿಯ ಕೈಗಿತ್ತ ಶ್ರೀಮತಿಯಮ್ಮ ಆಗಲೇ ಚಪ್ಪರ ಸೇರಿ ಸುದ್ದಿ ಬಡಿಸಿದ್ದರು. ಬೇಲಿಯಾಚೆ ನಿಂತ ಹಯಗ್ರೀವನ ಕಣ್ಣೆದುರೇ, ಸಾರು ಕಲಸುತ್ತಿದ್ದ ಕೈಗಳು ಎಲೆಗಳ ಮೇಲೆ ನಿಂತವು.

ವರನ ಅಜ್ಜ ಎಲೆಯನ್ನೊಮ್ಮೆ ನೋಡಿದರು. "ತಿಂದಾಯ್ತು. ಮೈಲಿಗೆ ಕಳೀಲಿಕ್ಕೆ ಹೇಗೂ ಮೀಯಲೇಬೇಕು. ಇಂಥ ಸಾರಿಗೆ ಎರಡು ಸಲ ಮಿಂದರೂ ನಷ್ಟ ಇಲ್ಲ. ಇನ್ನೊಂದು ಸೌಟು ಹಾಕಿ!"

ಕೊಪ್ಪರಿಗೆ ಬರಿದಾಯಿತು, ಆಮೇಲೆ ಎಲ್ಲರೂ ಮಿಂದು ಬಾವಿಯೂ ಬರಿದಾಯಿತು. ಕಾರ್ಕಳದವರು, ಹೆಬ್ರಿಯವರು, ಕಲ್ಯಾಣಪುರದವರು ಒದ್ದೆ ತಲೆಯಲ್ಲೇ ಬೇಲಿಗೆ ಮುತ್ತಿಕೊಂಡರು. "ನಮ್ಮ ಮನೆ ಮದುವೆಗೂ ನೀವೇ ಬರ್ಬೇಕು ಭಟ್ರೇ! ಇದೇ ವಾರ ಉಂಟು!"

"ಹತ್ತು ದಿನ ಕಳೀಲಿ," ಹಯಗ್ರೀವ ಕೈಮುಗಿದ. "ಆಮೇಲೆ ಎಲ್ಲಿಗೆ ಕರೆದರೂ ಬರ್ತೇನೆ."

ಕಾರ್ಕಳದವರು ತಲೆ ಒರೆಸಿಕೊಳ್ಳುತ್ತ ನಿಟ್ಟುಸಿರು ಬಿಟ್ಟರು.

"ಆಮೇಲೆ ಧನುರ್ಮಾಸ ಅಲ್ವಾ ಮಾರಾಯ್ರೇ? ಮದುವೆ ಎಲ್ಲಿ ಉಂಟು?"