ಪಾಲಾಗದ ಬಿಸಿನೀರು

ಸರ್ವೇಯರ್ ಸಾಹೇಬರು ತಲೆತುಂಬ ಸೋಪು ಹಚ್ಚಿಕೊಂಡು, ಕಣ್ಣು ಬಿಗಿಯಾಗಿ ಮುಚ್ಚಿ ನಲ್ಲಿ ತಿರುಗಿಸಿದರೆ ಬಂದದ್ದು ತಣ್ಣೀರು. ಹೊಸ ಬಾಯ್ಲರ್ ಬಂದು ಇನ್ನೂ ವಾರವಾಗಿರಲಿಲ್ಲ. ಅದು ಸಾಲದೆಂಬಂತೆ ಗೋಡೆಯ ಆಚೆಯಿಂದ ಅವರ ತಮ್ಮ ಗಟ್ಟಿಯಾಗಿ ಹಾಡುವುದು ಕೇಳಿಸುತ್ತಿತ್ತು. ತಮ್ಮನಿಗೆ ಕಂಠವಿಲ್ಲ; ಇದ್ದಿದ್ದರೆ ಸಾಹೇಬರಿಗೆ ಇನ್ನೂ ಹೆಚ್ಚು ಉರಿಯುತ್ತಿತ್ತು.

ಆ ಗೋಡೆಯ ವಿಚಾರ ಹೇಳಲೇಬೇಕು. ಊರವರ ಜಮೀನನ್ನೆಲ್ಲ ಅಳೆದು ನಿವೃತ್ತರಾದ ಸಾಹೇಬರು ಕಟ್ಟಕಡೆಗೆ ಅಳೆದದ್ದು ಅಪ್ಪ ಕಟ್ಟಿಸಿದ ಹಳೇ ಮನೆಯನ್ನು. ಅಪ್ಪನ ಆರಾಮಕುರ್ಚಿ ಯಾರಿಗೆ ಸೇರಬೇಕೆಂದು ಅಣ್ಣತಮ್ಮಂದಿರಿಗೆ ಮಾತಿಗೆ ಮಾತು ಬೆಳೆದು, ಕೊನೆಗೆ ಮನೆಯೇ ಪಾಲಾಯಿತು. (ಕುರ್ಚಿಯನ್ನು ಅಷ್ಟರೊಳಗೆ ಗೆದ್ದಲು ತಿಂದು ಮುಗಿಸಿತ್ತು.) ಸಾಹೇಬರು ಸ್ವತಃ ಟೇಪು ಹಿಡಿದು, ಒಂದು ನೂಲೂ ಆಚೀಚೆಯಾಗದಂತೆ ಮನೆಯ ನಟ್ಟನಡುವೆ ಗೋಡೆ ಎಬ್ಬಿಸಿದರು. ದೊಡ್ಡ ಕಿಟಕಿಯೊಂದು ಅಡ್ಡ ಬಂತು. ಅದರ ಒಂದು ಬಾಗಿಲು ಈ ಕಡೆಗೆ, ಇನ್ನೊಂದು ಆ ಕಡೆಗೆ ಹೋಯಿತು. ಅಂದಿನಿಂದ ಇಬ್ಬರಿಗೂ ಮಾತಿಲ್ಲ, ಕತೆಯಿಲ್ಲ. ತನ್ನ ಪಾಲಿನದು ತಮ್ಮನಿಗೆ ಒಂದು ತೊಟ್ಟೂ ಸಲ್ಲಬಾರದೆಂಬುದು ಸಾಹೇಬರ ಉಳಿದ ಬಾಳಿನ ಮಹಾವ್ರತವಾಯಿತು.

ಅಪ್ಪನ ಕಾಲದ ಬಾಯ್ಲರ್ ಕೆಟ್ಟು ಕೂತದ್ದು ಪಾಲಾಗುವುದಕ್ಕೂ ಮೊದಲೇ. ಎರಡೂ ಕಡೆ ಒಲೆಯ ಮೇಲೆ ನೀರು ಕಾಯುತ್ತಿತ್ತು. ಈಚೆಗೆ ಹೆಂಡತಿ ಸೊಂಟ ಹಿಡಿದುಕೊಂಡು, ಇನ್ನು ಬಿಸಿನೀರಿನ ಪಾತ್ರೆ ಎತ್ತಲಾರೆ ಎಂದು ಕೈಚೆಲ್ಲಿದಾಗ ಸಾಹೇಬರು ಅಂಗಡಿಗೆ ಹೋದರು.

"ಮನೇಲಿ ಎಷ್ಟು ಜನ ಸಾರ್?" ಎಂದ ಅಂಗಡಿಯವನು.

"ಇಬ್ಬರು. ನಾನು, ನನ್ನ ಹೆಂಡತಿ."

"ಹಳೇ ಮನೆ ಅಂತೀರಿ. ಒಂದು ಸೈಜು ದೊಡ್ಡದೇ ತಗೊಳ್ಳಿ."

"ಅಳತೆ ವಿಷಯ ನನಗೆ ಹೇಳಿಕೊಡ್ಬೇಡಿ."

ಚಿಕ್ಕದೇ ಬಂತು. ಬಚ್ಚಲ ಗೋಡೆಯೊಳಗೆ ಹುದುಗಿದ್ದ ಹಳೇ ಪೈಪಿಗೆ ಅದನ್ನು ಜೋಡಿಸುತ್ತ ಪ್ಲಂಬರ್ ಕೇಳಿದ: "ಈ ಪೈಪು ಎಲ್ಲೆಲ್ಲಿಗೆ ಹೋಗುತ್ತೆ ಸಾರ್?"

"ನಮ್ಮ ಬಚ್ಚಲಿಗೆ. ಮನೆ ಪಾಲಾಗಿದೆಯಲ್ಲ."

ಪಾಲುಪತ್ರ ರಿಜಿಸ್ಟರ್ ಆದ ಮೇಲೆ ಬೇರೆ ಕಡೆ ಹೋಗುವ ಧೈರ್ಯ ಪೈಪಿಗೆ ಎಲ್ಲಿಂದ ಬರಬೇಕು?

ಹೀಗಿರುವಾಗ ತಣ್ಣೀರು. ಸಾಹೇಬರು ಟವಲು ಸುತ್ತಿಕೊಂಡು ಅಡುಗೆಮನೆಗೆ ನುಗ್ಗಿದರು.

"ನೀನು ಸ್ನಾನ ಮಾಡ್ತೀಯೋ, ಕೆರೆ ತುಂಬಿಸ್ತೀಯೋ?"

"ನಾನು ಇವತ್ತಿನ್ನೂ ಸ್ನಾನಾನೇ ಮಾಡಿಲ್ಲ ಕಣ್ರೀ."

"ಮಾಡದೇನೇ ಇಷ್ಟು ಖರ್ಚಾದ್ರೆ, ಮಾಡಿದ್ರೆ ಏನು ಗತಿ?"

ಹೆಂಡತಿ ಕಿಟಕಿಯ ಕಡೆ ಒಮ್ಮೆ ನೋಡಿ ಒಗ್ಗರಣೆಗೆ ಸಾಸಿವೆ ಹಾಕಿದಳು. ಸಾಹೇಬರು ಚಿಕ್ಕದನ್ನು ಕೊಟ್ಟು ಮಧ್ಯಮ ಗಾತ್ರದ್ದನ್ನು ತಂದರು. ಅದೂ ಸಾಲಲಿಲ್ಲ. ಅದನ್ನೂ ಹಿಂತಿರುಗಿಸಿ, ಅಂಗಡಿಯಲ್ಲಿದ್ದ ಭಾರೀ ದೊಡ್ಡದೊಂದನ್ನು ತೋರಿಸಿದಾಗ ಅಂಗಡಿಯವನು, "ಲಾಡ್ಜು ಗೀಡ್ಜು ಇಟ್ಟಿದೀರಾ ಸಾರ್?" ಎಂದ. ಅದು ಬಂದ ಮೇಲೆ ಸಾಹೇಬರು ಬಚ್ಚಲಿಗೆ ಅಡ್ಡಡ್ಡಲಾಗಿ ನುಸುಳಿ ಹೋಗಬೇಕಾಯಿತು. ಆದರೆ ನೀರು ಕೊನೆಯ ಚೊಂಬಿನವರೆಗೂ ಬಿಸಿಯಾಗಿತ್ತು. ಅಂದು ಅವರೂ ಹಾಡಿದರು.

ಒಂದು ಬೆಳಿಗ್ಗೆ ಸಾಹೇಬರು ವಾಕಿಂಗಿಗೆ ಹೋಗಿ ತಡವಾಗಿ ಬಂದು ಕೂತಿದ್ದರು. ಕಿಟಕಿಯ ಆ ಕಡೆಯ ಬಾಗಿಲು ಕಿರುಗುಟ್ಟಿತು.

"ಅಣ್ಣಾ, ನೀರು ತಣ್ಣಗಿದೆ. ಸ್ವಿಚ್ ಹಾಕೋದು ಮರೆತ್ಯಾ?"

ಪಾಲಾದ ಮೇಲೆ ತಮ್ಮ ಆಡಿದ ಮೊದಲ ಮಾತು ಅದು. ಆ 'ಅಣ್ಣಾ' ಕೇಳಿ ಸಾಹೇಬರ ಎದೆ ಒಂದು ಕ್ಷಣ ಮೆತ್ತಗಾಯಿತು. ಮೆತ್ತಗಾದದ್ದಕ್ಕೇ ಅವರಿಗೆ ಇನ್ನಷ್ಟು ಸಿಟ್ಟು ಬಂತು. ಆಮೇಲೆ ನಿಧಾನವಾಗಿ ತಲೆಗೆ ಹೊಳೆಯಿತು: ಎರಡೂ ಬಚ್ಚಲಿಗೆ ಅಪ್ಪ ಹಾಕಿಸಿದ್ದು ಒಂದೇ ಪೈಪು. ಇಷ್ಟು ದಿನ ತಮ್ಮ, ಅವನ ಹೆಂಡತಿ, ಮಂಡಿಯುದ್ದ ಜಡೆಯ ಮೂರು ಹೆಣ್ಣುಮಕ್ಕಳು, ಎಲ್ಲರೂ ಮಿಂದದ್ದು ಇವರ ಬಾಯ್ಲರಿನ ನೀರಿನಲ್ಲಿ.

"ನಿನಗೆ ಗೊತ್ತಿತ್ತಾ?" ಎಂದು ಹೆಂಡತಿಯನ್ನು ಕೇಳಿದರು.

"ಮೊದಲನೇ ದಿನಾನೇ ನಿಮ್ಮ ತಮ್ಮನ ಹೆಂಡತಿ ಕಿಟಕೀಲಿ ಹೇಳಿದ್ಲು."

"ನನಗೆ ಹೇಳ್ಬಾರದಾಗಿತ್ತಾ?"

"ಹೇಳಿದ್ರೆ ಕತ್ತರಿಸಿಬಿಡ್ತಿದ್ರಿ. ಇಷ್ಟು ವರ್ಷದಲ್ಲಿ ನೀವಿಬ್ರೂ ಹಂಚಿಕೊಂಡಿದ್ದು ಅದೊಂದೇ. ನನಗೆ ಸಂತೋಷ ಆಯ್ತು, ಸುಮ್ನಿದ್ದೆ."

"ಈಗ್ಲೂ ಕತ್ತರಿಸ್ತೀನಿ," ಎಂದು ಸಾಹೇಬರು ಪ್ಲಂಬರನ್ನು ಕರೆಸಿದರು. ಅವನು ಗೋಡೆಯನ್ನು ಅಲ್ಲಲ್ಲಿ ಕುಟ್ಟಿ ನೋಡಿ ತಲೆಯಾಡಿಸಿದ.

"ಪೈಪು ಕವಲೊಡೆಯೋ ಜಾಗ ಈ ಗೋಡೆ ಕೆಳಗಿದೆ ಸಾರ್. ಕತ್ತರಿಸಬೇಕು ಅಂದ್ರೆ ಗೋಡೆ ಕೆಡವಬೇಕು. ಸರಿಯಾಗಿ ಅದರ ಮೇಲೇ ಕಟ್ಟಿಸಿದೀರಿ, ಒಂದು ನೂಲೂ ಆಚೀಚೆ ಇಲ್ಲ."

ಕಿಟಕಿ ಮತ್ತೆ ಕಿರುಗುಟ್ಟಿತು. "ಅಣ್ಣಾ, ಕೆಡವೋದಾದ್ರೆ ಮುಂದಿನ ವಾರ ಕಳೀಲಿ. ನಮ್ಮ ಅತ್ತೆ ಮಾವ ಬರ್ತಿದಾರೆ, ಅವರಿಗೆ ನೀರು ಸುಡುಸುಡು ಇರಬೇಕು. ಈ ಬಾಯ್ಲರ್ ಸಾಲುತ್ತಾ ಒಂದ್ಸಲ ನೋಡು."

ಮರುದಿನ ಸಾಹೇಬರು ಬರುವುದನ್ನು ದೂರದಿಂದಲೇ ಕಂಡ ಅಂಗಡಿಯವನು ಕುರ್ಚಿ ಒರೆಸಿಟ್ಟ.

"ಈ ಸಲ ಮನೇಲಿ ಎಷ್ಟು ಜನ ಸಾರ್?"

ಸಾಹೇಬರು ಅವನ ಮುಖ ನೋಡದೆ, ಬಾಯ್ಲರ್‌ಗಳ ಕಡೆ ತಿರುಗಿ ಹೇಳಿದರು.

"ಏಳು. ಮುಂದಿನ ವಾರ ಒಂಬತ್ತು."