ಯಾವ ಚಕ್ಕೆ?

ಗ್ರಂಧಿಗೆ ಅಂಗಡಿ ಇಟ್ಟವನಿಗೆ ಊರಿನ ಹೊಟ್ಟೆಗಳ ಗುಟ್ಟೆಲ್ಲ ಗೊತ್ತಿರುತ್ತದೆ. ಮುಳಬಾಗಿಲಿನಲ್ಲಿ ಬೇರು, ತೊಗಟೆ ಮಾರುತ್ತ ಕೂತ ನನಗೆ ನಗುವುದಕ್ಕೆ ಯಾವತ್ತೂ ಕೊರತೆಯಾಗಿಲ್ಲ. ಜೊತೆಗೆ ನಗುತ್ತಿದ್ದ ಹೆಂಡತಿ ತೀರಿಹೋಗಿ ಎರಡು ವರ್ಷವಾಯಿತು, ಅದೊಂದೇ ಕೊರತೆ. ನಗುವಿಗೆಲ್ಲ ಕಾರಣ ಕಕ್ಕೆಮರದ ಚಕ್ಕೆ. ಅದರ ಕಷಾಯ ಕುಡಿದರೆ ಮಲಬದ್ಧತೆ ಓಡುತ್ತದೆ. ಒಮ್ಮೊಮ್ಮೆ ಕುಡಿದವರೂ ಓಡುತ್ತಾರೆ.

೧. ಸೀಟು

ಮಾಲೂರಿನಿಂದ ದಿನಾ ರೈಲಿನಲ್ಲಿ ಬೆಂಗಳೂರಿಗೆ ಹೋಗುವ ಗುಮಾಸ್ತರೊಬ್ಬರಿಗೆ ಚಕ್ಕೆ ಕೊಟ್ಟು, "ರಜದ ದಿನ ಕುಡೀರಿ" ಎಂದಿದ್ದೆ. ಅವರು ಕೆಲಸದ ದಿನವೇ ಕುಡಿದರಂತೆ. ಆಮೇಲೆ ಸಿಕ್ಕಾಗ ಹೇಳಿದರು: "ಇಷ್ಟು ವರ್ಷದಲ್ಲಿ ಮೊದಲ್ನೇ ಸಲ ಬೆಂಗಳೂರ್ ತನಕ ಕೂತ್ಕೊಂಡು ಹೋದೆ ಸ್ವಾಮಿ. ಬಾಗಿಲು ಹಾಕ್ಕೊಂಡು!"

೨. ಅಜ್ಜಿ

ಹಿಂದೊಮ್ಮೆ ತೆಲುಗಿನ ಅಜ್ಜಿಯೊಬ್ಬರು ಬಂದು, "ಚೆಕ್ಕ ಇಯ್ಯಿ ನಾಯನಾ" ಅಂದರು. ಒಳಗಿದ್ದ ನನ್ನವಳು, "ಯಾವ ಚಕ್ಕೆ ಅಜ್ಜಿ? ಅಡುಗೇಗಾ, ಹೊರಗೆ ಹೋಗೋಕಾ?" ಎಂದು ಕೂಗಿದಳು.

"ಮೊದ್ಲು ಅಡುಗೇದು ಕೊಡಮ್ಮ. ತಿಂದ್ರೆ ತಾನೇ ಹೋಗೋದು!"

೩. ಯಲ್ದೂರಿನ ಪಲಾವು

"ಯಾವ ಚಕ್ಕೆ?" ಎಂದು ಕೇಳುವುದನ್ನು ನಾನು ಕಲಿತದ್ದು ಹೆಣ್ಣು ನೋಡಲು ಹೋದಾಗ.

ಅದಕ್ಕೆ ಎರಡು ದಿನ ಮುಂಚೆ ಯಾರೋ ಹಿರಿಯರು ಅಂಗಡಿಗೆ ಬಂದು, "ಚಕ್ಕೆ ಕೊಡಪ್ಪ" ಅಂದಿದ್ದರು. ನಾನು ಕಕ್ಕೆ ಚಕ್ಕೆ ಕಟ್ಟಿಕೊಟ್ಟಿದ್ದೆ. ಅಮ್ಮ, ಸೋದರಮಾವನ ಜೊತೆ ಯಲ್ದೂರಿಗೆ ಹೋದರೆ, ಬಾಗಿಲಲ್ಲಿ ಕೈಮುಗಿದು ನಿಂತವರು ಅವರೇ! ಹುಡುಗಿಯ ತಂದೆ.

"ಓ, ನೀವೇನಾ! ನಿಮ್ಮಂಗಡಿ ಚಕ್ಕೇನೇ ಹಾಕ್ಸಿದೀನಿ ಪಲಾವಿಗೆ. ವಾಸ್ನೆ ಬರ್ಲಿಲ್ಲ ಅಂತ ಮಗಳು ಎರಡು ಹಿಡಿ ಹಾಕಿದಾಳೆ!"

ಅಂದರೆ ಅವರು ಕೇಳಿದ್ದು ಅಡುಗೆಯ ಚಕ್ಕೆ! ಹೇಳಿದರೆ ಅಂಗಡಿಯ ಮರ್ಯಾದೆ ಹೋಗುತ್ತದೆ, ಹೇಳದಿದ್ದರೆ ಎಲ್ಲರ ಮರ್ಯಾದೆ. ಹೇಡಿಯ ಹಾಗೆ ಬಾಯಿ ಮುಚ್ಚಿಕೊಂಡು ಬರೀ ಮೊಸರನ್ನ ತಿಂದೆ. ಮಾವ ಮೂರು ಸಲ ಪಲಾವು ಹಾಕಿಸಿಕೊಂಡರು.

ಸಂಜೆ, "ಹುಡುಗಿ ಒಂದು ಹಾಡು ಹೇಳಲಿ" ಎಂದವರೇ ಮಾವ ಎದ್ದು ಹಿತ್ತಲಿಗೆ ಓಡಿದರು. ಹಿಂದೆಯೇ ಅಮ್ಮ, ಅವರ ಹಿಂದೆ ಹುಡುಗಿಯ ತಂದೆ. ಇದ್ದದ್ದು ಒಂದೇ ಕಕ್ಕಸು.

ತನ್ನ ಸರದಿ ಮುಗಿಸಿ ಬಂದ ಅಮ್ಮ ಗುಡುಗಿದರು: "ಏಳೋ! ಈ ಸಂಬಂಧ ಬೇಡ ಕಣೋ. ಮದುವೆಗೆ ಮುಂಚೇನೇ ಹಿಂಗೆ ಅಡುಗೆ ಮಾಡ್ತಾಳೆ!"

ಹುಡುಗಿಯ ಮುಖ ಬಾಡಿತು. ನೋಡಲಾಗಲಿಲ್ಲ. "ಅಮ್ಮಾ, ತಪ್ಪು ನಂದು. ಅದು ಕಕ್ಕೆ ಚಕ್ಕೆ. ಕೊಟ್ಟಿದ್ದು ನಾನೇ" ಅಂದುಬಿಟ್ಟೆ.

ಹುಡುಗಿ ಒಳಗೆ ಓಡಿದಳು. ಅಳುತ್ತಾಳೆ ಅಂದುಕೊಂಡೆ. ಬಾಗಿಲ ಹಿಂದಿನಿಂದ ನಗು ಕೇಳಿಸಿತು, ಬಿದ್ದು ಬಿದ್ದು ನಗುವ ನಗು. "ಮಾಲು ಮಾತ್ರ ಚೆನ್ನಾಗಿದೆ ಕಣ್ರೀ!"

ಎರಡನೇ ಸರದಿಗೆ ಹೋಗಿದ್ದ ಮಾವ ಹಿತ್ತಲಿನಿಂದಲೇ ಕೂಗಿದರು: "ನಂದೂ ಒಪ್ಪಿಗೆ ಇದೆ ಅಂತ ಹೇಳ್ರೋ, ನಾನೀಗ ಬರೋಕಾಗಲ್ಲ!"

ಈಗಲೂ ಯಾರಾದರೂ ಚಕ್ಕೆ ಕೇಳಿದರೆ, "ಯಾವ ಚಕ್ಕೆ?" ಎನ್ನುತ್ತೇನೆ. ಆ ನಗು ಇನ್ನೊಮ್ಮೆ ಕೇಳಬೇಕು ಅನ್ನಿಸಿ, ಕೈಯಲ್ಲಿ ಡಬ್ಬ ಹಿಡಿದು ಒಳಬಾಗಿಲ ಕಡೆ ನೋಡುತ್ತ ನಿಂತುಬಿಡುತ್ತೇನೆ. ಗಿರಾಕಿಗೆ ಗಾಬರಿ.

"ಯಾಕಣ್ಣ, ಮಾಲು ಚೆನ್ನಾಗಿಲ್ವಾ?"