ನನ್ನ ಬೆಲೆಪಟ್ಟಿಗೆ ತಾವು ಬಾಯಿ ಹಾಕುತ್ತಿರುವ ಬಗ್ಗೆ

ಅಂಗಡಿಯೆದುರಿನ ಕಟ್ಟೆಯ ಮೇಲೆ ಹಿಂಗಾಲು ಚಾಚಿ ಬಿಸಿಲು ಕಾಯಿಸುತ್ತಿರುವ ಮಾನ್ಯ ನಾಯಿಯವರೇ,

ತಮ್ಮಿಂದ ಎಂಟು ಹೆಜ್ಜೆ ದೂರದಲ್ಲಿ, ಗ್ರೀಸು ಮೆತ್ತಿದ ಕೈಯಲ್ಲಿ ಪೆನ್ನು ಹಿಡಿದು ಕೂತಿರುವ ಹಳೇ ಸೈಕಲ್ ವ್ಯಾಪಾರಿಯ ಅನಂತ ವಂದನೆಗಳು. ತಮ್ಮ ಹೊಟ್ಟೆ, ಬಾಲ ಹಾಗೂ ನಿದ್ರೆ ಕ್ಷೇಮವಾಗಿರುವುದು ಕಣ್ಣಿಗೇ ಕಾಣುತ್ತಿರುವುದರಿಂದ ಆ ವಿಚಾರ ಕೇಳಿ ತಮ್ಮ ಸಮಯ ಹಾಳುಮಾಡುವುದಿಲ್ಲ. ಹಾಳಾಗಿರುವುದು ನನ್ನ ವ್ಯಾಪಾರ.

ತಾವು ದಿನಾ ಬೆಳಗ್ಗೆ ಕಾಲೆತ್ತುವ ಆ ಹಲಗೆಯ ಮೇಲೆ ನನ್ನ ಹೆಂಡತಿ ದುಂಡು ಅಕ್ಷರದಲ್ಲಿ ಬರೆದಿರುವುದನ್ನು ತಾವು ಓದಿರಲಿಕ್ಕಿಲ್ಲ: ‘ಅಂಗಡಿ ಮುಂದಿರುವುದೆಲ್ಲ ಮಾರಾಟಕ್ಕಿದೆ. ಬೆಲೆ ಪಟ್ಟಿಯಂತೆ.’ ತುಕ್ಕಿಗೆ ಇಷ್ಟು ಕಡಿತ, ಬೆಂಡಾದ ರಿಮ್ಮಿಗೆ ಇಷ್ಟು, ಬ್ರೇಕು ಹಿಡಿಯದಿದ್ದರೆ ಇಷ್ಟು ಎಂದು ಇಪ್ಪತ್ತೆರಡು ವರ್ಷದಿಂದ ಅದೇ ಲೆಕ್ಕ. ಸ್ವಂತ ಭಾವಮೈದುನ ಬಂದು “ಭಾವ, ನಮಗೂ ಇದೇ ರೇಟಾ?” ಎಂದು ಮುಖ ಸಣ್ಣದು ಮಾಡಿದಾಗಲೂ ಒಂದು ಪೆಡಲಿನ ಬೆಲೆಯಲ್ಲಿ ಬಿಡಿಗಾಸು ಬಿಟ್ಟವನಲ್ಲ ನಾನು. ಅವನು ಇವತ್ತಿಗೂ ನಡೆದುಕೊಂಡೇ ಓಡಾಡುತ್ತಾನೆ.

ಇಂಥ ನ್ಯಾಯಸ್ಥಾನಕ್ಕೆ ತಾವು ಬಂದಿರಿ. ಗಿರಾಕಿಗಳು ಸೈಕಲ್ ಪರೀಕ್ಷಿಸಲು ಬೀದಿಯ ಕೊನೆಯವರೆಗೆ ಒಂದು ಸುತ್ತು ಹೋಗುವಾಗ, ಯಾರೂ ಕರೆಯದಿದ್ದರೂ, ಅವರ ಹಿಮ್ಮಡಿಯನ್ನೇ ಗುರಿಯಿಟ್ಟು ಅಟ್ಟಿಸಿಕೊಂಡು ಹೋಗುವ ಸೇವೆಯನ್ನು ಉಚಿತವಾಗಿ ಆರಂಭಿಸಿದಿರಿ. ಕೊನೇ ಸಾಲಿನಲ್ಲಿ ನಾಲ್ಕು ವರ್ಷದಿಂದ ಗೋಡೆಗೊರಗಿ ನಿಂತಿದ್ದ ಹಸಿರು ಸೈಕಲ್ಲನ್ನು ಸಂಗೀತದ ಮೇಷ್ಟ್ರು ಹತ್ತಿದ ದಿನ ನೆನಪಿದೆಯೇ? ಕಬ್ಬಿಣದ ಮಂಚಕ್ಕೆ ಗಾಲಿ ಕಟ್ಟಿದ ಹಾಗಿದ್ದ ಆ ಸೈಕಲ್ಲು ತಮ್ಮ ಕೃಪೆಯಿಂದ ಬಾಣದಂತೆ ಹೋಗಿ ಬಾಣದಂತೆ ಬಂತು. ಮೇಷ್ಟ್ರು ಇಳಿದವರೇ, “ಏನ್ರೀ ಇದು, ಮುಟ್ಟಿದ್ರೆ ಹಾರುತ್ತೆ! ಇದರ ಯೋಗ್ಯತೆ ನಿಮಗೇ ಗೊತ್ತಿಲ್ಲ” ಎಂದು ಪಟ್ಟಿಯ ಎರಡರಷ್ಟು ಹಣ ನನ್ನ ಜೇಬಿಗೆ ತುರುಕಿದರು. ಹಿಂದೆ ನಾಯಿ ಇತ್ತು ಮೇಷ್ಟ್ರೇ ಎಂದರೆ, “ನಾನು ತಿರುಗಿ ನೋಡ್ಲೇ ಇಲ್ಲ, ಬೊಗಳಿದ್ದು ಚೈನು ಅಂದ್ಕೊಂಡೆ” ಎಂದರು. ಅಷ್ಟು ವರ್ಷ ಶ್ರುತಿ ಹಿಡಿದ ಕಿವಿಯದು! ಹೆಚ್ಚಿನ ಹಣ ವಾಪಸು ಕೊಡಲು ಹಿಂದೆ ಓಡಿದೆ, ಆದರೆ ತಾವಿನ್ನೂ ಅವರ ಹಿಂದೆಯೇ ಇದ್ದದ್ದರಿಂದ ನನಗೆ ಸಿಗಲಿಲ್ಲ.

ಮೂರನೇ ದಿನ ಮೇಷ್ಟ್ರು ಸೈಕಲ್ಲನ್ನು ತಳ್ಳಿಕೊಂಡು ಬಂದರು. “ನಮ್ಮ ಬೀದೀಲಿ ಇದು ಎಮ್ಮೆ ಥರ ನಡೆಯುತ್ತೆ ಕಣ್ರೀ. ಒಂದು ಪಾರ್ಟು ಇಲ್ಲೇ ಉಳಿದುಬಿಟ್ಟಿದೆ” ಎಂದು ಕಟ್ಟೆಯ ಮೇಲಿದ್ದ ತಮ್ಮತ್ತ ಬೆರಳು ತೋರಿಸಿದರು. ಅವರ ಇನ್ನೊಂದು ಕೈಯಲ್ಲಿ ಹಗ್ಗವಿತ್ತು. ಹೆಚ್ಚಿಗೆ ಕೊಟ್ಟಿದ್ದೆಲ್ಲ ಹಿಂದಿರುಗಿಸುತ್ತೇನೆ ಎಂದೆ. ತೆಗೆದುಕೊಂಡರು, ಹಗ್ಗ ಮಾತ್ರ ಕೆಳಗಿಡಲಿಲ್ಲ. ಹಲಗೆಯನ್ನು ಗಟ್ಟಿಯಾಗಿ ಓದಿದರು. ಅಂಗಡಿ ಮುಂದಿರುವುದೆಲ್ಲ ಮಾರಾಟಕ್ಕಿದೆ, ತಾವು ಅಂಗಡಿಯ ಮುಂದಿದ್ದೀರಿ. ಕೊಟ್ಟ ಮಾತು ಕೊರಳಿಗೇ ಸುತ್ತಿಕೊಂಡಿತು, ಕೊರಳು ಮಾತ್ರ ತಮ್ಮದು.

ಬೇರೆ ದಾರಿಯಿಲ್ಲದೆ ಪಟ್ಟಿಯಂತೆ ತಮಗೆ ಬೆಲೆ ಕಟ್ಟಿದೆ. ಮೈಬಣ್ಣ ಪೂರ್ತಿ ತುಕ್ಕಿನದು, ಗರಿಷ್ಠ ಕಡಿತ. ಹಿಂಗಾಲು ಬೆಂಡು. ಬ್ರೇಕು ಹುಟ್ಟಿನಿಂದಲೇ ಇಲ್ಲ. ಗಂಟೆ ಒಮ್ಮೆ ಶುರುವಾದರೆ ನಿಲ್ಲುವುದಿಲ್ಲ. ಹರಿದ ಕಿವಿಯಿಂದಾಗಿ ಅಪಘಾತವಾದ ಮಾಲು. ಎಲ್ಲ ಕಳೆದಾಗ ಬೆಲೆ ಸೊನ್ನೆಗಿಂತ ಕೆಳಗಿಳಿದು, ತಮ್ಮನ್ನು ಒಯ್ಯುವವರಿಗೆ ನಾನೇ ಎರಡು ಪಂಕ್ಚರಿನ ದುಡ್ಡು ಕೊಡಬೇಕೆಂದು ತೀರ್ಮಾನವಾಯಿತು. ಮೇಷ್ಟ್ರ ಮುಖ ಅರಳಿತು. ತಾವಾದರೋ ಹಗ್ಗವನ್ನು ತಿನ್ನುವ ಪದಾರ್ಥವೆಂದು ನಂಬಿ ಬಾಲ ಆಡಿಸುತ್ತಿದ್ದಿರಿ. ಅದನ್ನು ನೋಡಿದ್ದೇ, “ಅದು ಆಗಲೇ ಬುಕ್ ಆಗಿದೆ ಮೇಷ್ಟ್ರೇ” ಎಂದುಬಿಟ್ಟೆ.

ಇಪ್ಪತ್ತೆರಡು ವರ್ಷದಲ್ಲಿ ಮೊದಲ ಸುಳ್ಳು, ಅದೂ ಯಾರಿಗಾಗಿ! ಅದನ್ನು ನಿಜ ಮಾಡುವ ಸಲುವಾಗಿ ಅವರು ತಿರುಗುವಷ್ಟರಲ್ಲಿ ತಮ್ಮನ್ನು ನಾನೇ ಕೊಂಡು, ಪಟ್ಟಿಯ ಪ್ರಕಾರ ಎರಡು ಪಂಕ್ಚರಿನ ದುಡ್ಡನ್ನು ಬಲಜೇಬಿನಿಂದ ಎಡಜೇಬಿಗೆ ಪಾವತಿಸಿದೆ. “ರೀ, ಜೇಬಿಂದ ಜೇಬಿಗೆ ಹಾಕ್ಕೊಂಡು ರಸೀದಿ ಬೇರೆ ಹರೀತೀರಲ್ಲ, ತಲೆ ನೆಟ್ಟಗಿದೆಯಾ?” ಎಂದಳು ಹೆಂಡತಿ. ರಸೀದಿ ಬರೆದದ್ದು ಮಾತ್ರ ಅವಳೇ.

ಈಗ ಮೇಷ್ಟ್ರು ದಿನಾ ಸಂಜೆ ಇಲ್ಲಿಗೆ ಸೈಕಲ್ ತಳ್ಳಿಕೊಂಡು ಬಂದು, ತಾವು ಅಟ್ಟಿಸಿಕೊಂಡು ಹೋಗುವಾಗ ಒಂದು ಸುತ್ತು ಹಾರಿ, ಮತ್ತೆ ತಳ್ಳಿಕೊಂಡು ಮನೆಗೆ ಹೋಗುತ್ತಾರೆ. ಮಿಕ್ಕ ಗಿರಾಕಿಗಳೂ ಎಲ್ಲ ಸೈಕಲ್ಲಿಗೂ ಎರಡರಷ್ಟು ಕೊಡುತ್ತೇವೆಂದು ಜಗಳಕ್ಕೆ ನಿಂತಿದ್ದಾರೆ. ಆದ್ದರಿಂದ ತಾವು ದಯಮಾಡಿ ಒಳ್ಳೆಯ ಸೈಕಲ್ಲನ್ನು ವೇಗವಾಗಿಯೂ, ಸಾಧಾರಣದ್ದನ್ನು ಸಾಧಾರಣವಾಗಿಯೂ, ಕೆಟ್ಟದ್ದನ್ನು ಆಕಳಿಸುತ್ತ ನಡೆದುಕೊಂಡೂ ಅಟ್ಟಬೇಕೆಂದು ಕೋರುತ್ತೇನೆ. ಬೆಲೆಪಟ್ಟಿಯ ಪ್ರತಿಯನ್ನು ತಮ್ಮ ತಟ್ಟೆಯ ಕೆಳಗಿಟ್ಟಿದ್ದೇನೆ.

ಹಿಮ್ಮಡಿ ಉಳಿದಿರುವ ತನಕ,
ತಮ್ಮ ವಿಶ್ವಾಸಿ,
ಹಳೇ ಸೈಕಲ್ ವ್ಯಾಪಾರಿ

ಮರೆತ ಮಾತು: ತಮ್ಮನ್ನು ಕೊಂಡ ರಸೀದಿಯನ್ನು ತಾವು ನಿನ್ನೆ ಅಗಿದು ತಿಂದಿರುವುದು ನನ್ನ ಗಮನಕ್ಕೆ ಬಂದಿದೆ. ಅದರ ಅಡಿಯಲ್ಲಿ ಅಚ್ಚಾಗಿದ್ದದ್ದನ್ನು ಓದದೆ ನುಂಗಿದ್ದರಿಂದ ಇಲ್ಲಿ ಮತ್ತೆ ಬರೆಯುತ್ತಿದ್ದೇನೆ: ಒಮ್ಮೆ ಮಾರಿದ ಮಾಲನ್ನು ಯಾವ ಕಾರಣಕ್ಕೂ ವಾಪಸು ಕೊಡಲಾಗುವುದಿಲ್ಲ, ತೆಗೆದುಕೊಳ್ಳಲಾಗುವುದೂ ಇಲ್ಲ.